ಭಿನ್ನರಾಶಿಯ ಹುಣ್ಣಿಮೆ

ನನ್ನ ಗುರುಗಳು ನನ್ನ ವಿಷಯದಲ್ಲಿ ಏನೆಂದು ಭಾವಿಸಿದ್ದರೆಂಬುದು ಈ ಎಪ್ಪತ್ತಾರನೆಯ ವಯಸ್ಸಿನಲ್ಲಿಯೂ ನನಗೆ ತಿಳಿಯದು. ಹನ್ನೆರಡು ವರ್ಷ ಅವರ ಎದುರು ಚಾಪೆಯ ಮೇಲೆ ಕುಳಿತು ಪಾಠ ಹೇಳಿಸಿಕೊಂಡೆ. ಮೆಚ್ಚಿದ ದಿನ ಅವರು ವೀಳ್ಯದೆಲೆಯ ತೊಟ್ಟು ಮುರಿಯುವುದನ್ನು ಒಂದು ಕ್ಷಣ ತಡೆಯುತ್ತಿದ್ದರು. ಮೆಚ್ಚದ ದಿನ ತಡೆಯದೆ ಮುರಿಯುತ್ತಿದ್ದರು. ನಮಗೆ ದೊರೆಯುತ್ತಿದ್ದ ಪ್ರಗತಿಪತ್ರ ಅದೊಂದೇ. ಅದನ್ನು ಓದಲು ಕಲಿಯುವಷ್ಟರಲ್ಲಿ ನನಗೆ ಮೂರು ವರ್ಷ ಕಳೆದಿತ್ತು. ಅವರ ಮನಸ್ಸಿನಲ್ಲಿರುವ ನಮ್ಮ ಚಿತ್ರ ಹೇಗಿದೆಯೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಬಹುದೆಂಬ ಯೋಚನೆಯೇ ಹುಟ್ಟಿರಲಿಲ್ಲ. ಗುರುವಿನ ಮನಸ್ಸೂ ಗರ್ಭಗುಡಿಯ ಹಿಂಗೋಡೆಯೂ ನಮ್ಮ ಪಾಲಿಗೆ ಒಂದೇ ಆಗಿದ್ದವು. ಇದೆಯೆಂದು ಗೊತ್ತು, ಕಂಡವರಿಲ್ಲ.

ಹೀಗೆ ಬೆಳೆದ ನನ್ನ ಮುಂದೆ ಒಂದು ಸಂಜೆ ಏಳನೆಯ ತರಗತಿಯ ಮೊಮ್ಮಗಳು ಶಾಲೆಯಿಂದ ಕೊಟ್ಟ ಟ್ಯಾಬ್ ಹಿಡಿದು ನಿಂತಳು.

"ಅಜ್ಜಾ, ನೋಕ್ಕಿಯೇ! ಇದ್ ಎನ್ನೆಕ್ಕುರಿಚ್ಚ್ ಎಂದಾ ವಿಚಾರಿಕ್ಕುನ್ನದೆನ್ನ್ ಕಾಣಾಂ!"

ಆ ಯಂತ್ರ ತನ್ನ ಬಗ್ಗೆ ಏನೆಂದು ಎಣಿಸಿಕೊಂಡಿದೆ ಎಂಬುದನ್ನು ಕಣ್ಣಾರೆ ಕಾಣಬಹುದಂತೆ. ಅವಳಿಗೆ ಕನ್ನಡ ಕಿವಿಯಲ್ಲಿದೆ, ನಾಲಗೆಗೆ ಇಳಿದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ, ನಡುವೆ ಇಂಗ್ಲಿಷ್ ದಾರಿಹೋಕನಂತೆ ಬಂದು ಹೋಗುತ್ತದೆ.

ಅವಳ ಶಾಲೆ ಫೋರ್ಟ್ ಕೊಚ್ಚಿಯಲ್ಲಿದೆ. ಗಣಿತ ಕಲಿಸುವ ಈ ಯಂತ್ರವನ್ನು ಆ ವರ್ಷ ತಿರುವನಂತಪುರದ ಒಂದು ಕಂಪನಿ ಶಾಲೆಗೆ ಒದಗಿಸಿತ್ತು. ಅದು ಒಂದು ಲೆಕ್ಕ ಕೊಡುತ್ತದೆ. ಮಗು ಏನು ಉತ್ತರಿಸಿತು, ಬೆರಳು ಮೊದಲು ಯಾವ ಉತ್ತರದ ಬಳಿ ಸುಳಿಯಿತು, ಎಷ್ಟು ಹೊತ್ತು ತಡವರಿಸಿತು, ಸುಳಿವು ಕೇಳಿತೇ ಎಂಬುದನ್ನೆಲ್ಲ ಗಮನಿಸುತ್ತದೆ. ಇದಕ್ಕೆ ಇಂಥದು ಬರುತ್ತದೆ, ಇಂಥದು ಬಾರದು ಎಂದು ತನ್ನೊಳಗೆ ಒಂದು ಚಿತ್ರ ಬರೆದುಕೊಂಡು, ಆ ಚಿತ್ರವನ್ನು ನೋಡಿ ಮುಂದಿನ ಲೆಕ್ಕವನ್ನು ಆರಿಸುತ್ತದೆ. ಇಷ್ಟನ್ನು ಒಳ್ಳೆಯ ಉಪಾಧ್ಯಾಯನೂ ಮಾಡುತ್ತಾನೆ. ಹೊಸತೆಂದರೆ, ಆ ಚಿತ್ರವನ್ನು ಮಗುವಿಗೂ ತೋರಿಸಬೇಕೆಂದು ಕಂಪನಿಯವರು ತೀರ್ಮಾನಿಸಿದ್ದರು. ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಸಾಲಾಗಿ ಚಂದ್ರರು ಮೂಡುತ್ತಿದ್ದರು. ಒಂದೊಂದು ಪಾಠಕ್ಕೆ ಒಬ್ಬೊಬ್ಬ ಚಂದ್ರ. ಪಾಠ ಚೆನ್ನಾಗಿ ಬರುತ್ತದೆಂದು ಯಂತ್ರ ನಂಬಿದರೆ ಹುಣ್ಣಿಮೆ, ಬಾರದೆಂದು ನಂಬಿದರೆ ಅಮಾವಾಸ್ಯೆ. ಮಕ್ಕಳು ಆ ಪುಟವನ್ನು ಕಣ್ಣಾಡಿ ಎನ್ನುತ್ತಿದ್ದರು. ಕನ್ನಡಿಗೆ ಇಲ್ಲಿಯ ಮಾತು ಅದು. ಯಮಲೋಕದ ಕರಣಿಕನೂ ನಮ್ಮ ಹೆಸರಿನ ಪುಟವನ್ನು ನಾವು ಅಲ್ಲಿಗೆ ಹೋಗುವವರೆಗೆ ತೆರೆಯುವುದಿಲ್ಲ. ಈ ಯಂತ್ರ ಹನ್ನೆರಡು ವರ್ಷದ ಮಗುವಿಗೆ ದಿನವೂ ತೆರೆದು ತೋರಿಸುತ್ತಿತ್ತು. ನಾನು ಮನಸ್ಸಿನಲ್ಲಿಯೇ ಕೈಮುಗಿದು ಅದಕ್ಕೆ ಯಂತ್ರಾಚಾರ್ಯರೆಂದು ಹೆಸರಿಟ್ಟೆ.

ನಾವು ಇರುವುದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಒಣಶುಂಠಿಯ ಗೋದಾಮಿನ ಮೇಲಿನ ಮಹಡಿಯಲ್ಲಿ. ಮಗಳು ಬ್ಯಾಂಕಿನ ಅಧಿಕಾರಿಣಿ. ವರ್ಗವಾಗಿ ಇಲ್ಲಿಗೆ ಬಂದು ಆರು ವರ್ಷವಾಯಿತು. ಅಳಿಯ ಹಡಗಿನ ಕೆಲಸದವನಾದ್ದರಿಂದ ವರ್ಷದ ಹೆಚ್ಚಿನ ಕಾಲ ಸಮುದ್ರದ ಮೇಲಿರುತ್ತಾನೆ. ಪತ್ನಿ ತೀರಿಕೊಂಡ ಮೇಲೆ ನಾನು ಸಾಲಿಗ್ರಾಮದ ಪೆಟ್ಟಿಗೆಯೊಡನೆ ಉಡುಪಿಯ ಕಡೆಯಿಂದ ಮಗಳ ಮನೆಗೆ ಬಂದೆ. ಪೂಜೆಗೆ ಕುಳಿತರೆ ಕೆಳಗಿನಿಂದ ಶುಂಠಿಯ ಘಾಟು ಏರಿ ಬರುತ್ತದೆ; ದೇವರಿಗೆ ಧೂಪದ ಜೊತೆಗೆ ಅದೂ ಸಲ್ಲುತ್ತದೆ. ನನ್ನ ಗಂಟಲಿಗೆ ಅದು ಅಷ್ಟು ಸಲ್ಲುವುದಿಲ್ಲ. ಗಂಟಲಿನ ಮಾತನ್ನು ಇಲ್ಲಿಯೇ ಹೇಳಿಡುತ್ತೇನೆ, ಮುಂದೆ ಅದರಿಂದ ಬಹಳ ಕೆಲಸವಾಗಲಿಕ್ಕಿದೆ.

ಮಗುವಿನ ಕೈಗೆ ಕೊಟ್ಟ ಕನ್ನಡಿ ಮನೆಯವರೆಲ್ಲರ ಕೈಗೂ ಬರುತ್ತದೆಂದು ಕಂಪನಿಯವರು ಊಹಿಸಿರಲಾರರು. ತಂದೆತಾಯಿಗಳ ಫೋನಿನ ಗುಂಪಿನಲ್ಲಿ ಪ್ರತಿದಿನ ಬೆಳಿಗ್ಗೆ ಚಂದ್ರೋದಯವಾಗತೊಡಗಿತು. ಯಾರ ಮಗುವಿಗೆ ಎಷ್ಟು ಹುಣ್ಣಿಮೆಯೆಂದು ಚಿತ್ರಸಹಿತ ಪ್ರಕಟಣೆ, ಅದರ ಕೆಳಗೆ ಕೈಮುಗಿದ ಗುರುತುಗಳ ಸಾಲು. ಹಲ್ಲಿನ ವೈದ್ಯರೊಬ್ಬರ ಮಗನಿಗೆ ಇನ್ನೂ ತರಗತಿಯಲ್ಲಿ ಆರಂಭವೇ ಆಗದ ಪಾಠಗಳಿಗೂ ಹುಣ್ಣಿಮೆ ಬಂದಿತ್ತು. ರೋಗಿಯ ವಸಡಿಗೆ ಮರಗಟ್ಟುವ ಸೂಜಿ ಚುಚ್ಚಿ, ಅದು ಹಿಡಿಯುವವರೆಗಿನ ಬಿಡುವಿನಲ್ಲಿ ವೈದ್ಯರು ಮಗನ ಲೆಕ್ಕಗಳನ್ನು ಮಾಡುತ್ತಾರೆಂದು ಅವರ ಪತ್ನಿಯೇ ಹೆಮ್ಮೆಯಿಂದ ಹೇಳಿಕೊಂಡರು.

"ಅಪ್ಪ, ಆ ಹಲ್ಲಿನ ಡಾಕ್ಟ್ರ ಮಗನಿಗೆ ಎಲ್ಲ ಹುಣ್ಣಿಮೆಯಂತೆ," ಎಂದು ಮಗಳು ಇಡ್ಲಿ ಬಡಿಸುತ್ತ ಹೇಳಿದಳು. "ನಮ್ಮದಕ್ಕೆ ದಶಮಾಂಶ ಇನ್ನೂ ಅಷ್ಟಮಿಯಲ್ಲೇ ಉಂಟು."

"ಮಗು ಏನು ಹೇಳುತ್ತದೆ? ಅರ್ಥವಾಗುತ್ತದೆಯಂತೆಯೇ?"

"ಅದರ ಹತ್ರ ಕೇಳುದೆಂತಕ್ಕೆ? ಕಣ್ಣಾಡಿಯಲ್ಲೇ ಕಾಣ್ತದಲ್ಲ."

ಅಂದಿನಿಂದ ಸಂಜೆ ಐದರಿಂದ ಆರರವರೆಗೆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಹಲ್ಲಿನ ವೈದ್ಯರಂತೆ ನಾನು ಉತ್ತರ ಒತ್ತಲಿಲ್ಲ. ಅಂತಹ ಅಪ್ರಾಮಾಣಿಕತೆ ನನ್ನಿಂದ ಸಾಧ್ಯವಿಲ್ಲವೆಂದು ನನಗೆ ನನ್ನ ಮೇಲೆ ಗೌರವವೂ ಇತ್ತು. ನಾನು ಮಾಡಿದ್ದು ವೇದಪಾಠಶಾಲೆಯಲ್ಲಿ ಗುರುವಾಗಿ ನಾಲ್ಕು ದಶಕ ಮಾಡಿದ್ದನ್ನು ಮಾತ್ರ. ನಮ್ಮಲ್ಲಿ ಒಂದು ಕ್ರಮವಿತ್ತು. ತಪ್ಪಾದ ಸ್ವರ ಶಿಷ್ಯನ ಬಾಯಿಂದ ಪೂರ್ತಿಯಾಗಿ ಹೊರಬೀಳಬಾರದು. ಬಿದ್ದರೆ ಅದು ಕಿವಿಯಲ್ಲಿ ಮನೆ ಮಾಡುತ್ತದೆ. ಆದ್ದರಿಂದ ತುಟಿ ತಪ್ಪಿನ ಕಡೆಗೆ ತಿರುಗುವಾಗಲೇ ಗುರುವಾದವನು ಮೆಲ್ಲಗೆ ಗಂಟಲು ಸರಿಪಡಿಸಿಕೊಳ್ಳುತ್ತಾನೆ. ಶಿಷ್ಯ ಅಲ್ಲಿಯೇ ನಿಂತು, ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಮೊಮ್ಮಗಳ ಬೆರಳು ತಪ್ಪು ಉತ್ತರದ ಮೇಲೆ ಇಳಿಯುವ ಹೊತ್ತಿಗೆ ನನ್ನ ಗಂಟಲು ತಾನಾಗಿಯೇ ಆ ಕರ್ತವ್ಯವನ್ನು ನೆರವೇರಿಸಿತು. ಬೆರಳು ನಿಂತು, ಪಕ್ಕಕ್ಕೆ ಸರಿದು, ಸರಿಯಾದುದನ್ನು ಒತ್ತಿತು. ಒಂದು ವಾರದಲ್ಲಿ ಅವಳು ಶುಂಠಿಯ ಕೆಮ್ಮು ಯಾವುದು, ಭಿನ್ನರಾಶಿಯ ಕೆಮ್ಮು ಯಾವುದು ಎಂಬುದನ್ನು ತಪ್ಪದೆ ಗುರುತಿಸುತ್ತಿದ್ದಳು. ನನಗೆ ಪರಮ ಸಂತೋಷವಾಯಿತು. ವಿದ್ಯೆ ಹರಿಯುತ್ತಿದೆಯೆಂದು ಭಾವಿಸಿದೆ.

ಭಿನ್ನರಾಶಿಗೆ ತಿಂಗಳೊಳಗೆ ಹುಣ್ಣಿಮೆ ಬಂತು.

ಇತ್ತ ಯಂತ್ರಾಚಾರ್ಯರು ತಮ್ಮ ಶಿಷ್ಯೆಯ ವಿಷಯದಲ್ಲಿ ಗಾಢವಾಗಿ ಚಿಂತಿಸುತ್ತಿದ್ದರು. ಈ ಮಗು ಪ್ರತಿ ಲೆಕ್ಕದಲ್ಲಿಯೂ ಬೆರಳನ್ನು ಮೊದಲು ತಪ್ಪಿನ ಬಳಿ ಒಯ್ಯುತ್ತದೆ, ತಡೆಯುತ್ತದೆ, ಆಮೇಲೆ ಸರಿಯಾಗಿ ಉತ್ತರಿಸುತ್ತದೆ. ಆದ್ದರಿಂದ ಇದಕ್ಕೆ ವಿಷಯ ತಿಳಿದಿದೆ, ಆತ್ಮವಿಶ್ವಾಸವಿಲ್ಲ ಎಂದು ಅವರು ನಿರ್ಣಯಿಸಿದರು. ಅಂದಿನಿಂದ ಪ್ರತಿ ಉತ್ತರಕ್ಕೂ ಪರದೆಯ ಮೇಲೆ ಹೂವು ಸುರಿಯತೊಡಗಿತು, ನಿನ್ನನ್ನು ನೀನು ನಂಬು ಎಂಬ ಉಪದೇಶ ಬರತೊಡಗಿತು. ಇನ್ನೊಂದು ವಿಚಿತ್ರವನ್ನೂ ಅವರು ಕಂಡುಹಿಡಿದಿದ್ದರು. ಸರಿಸುಮಾರು ಹದಿನೈದು ದಿನಕ್ಕೊಮ್ಮೆ ಈ ಮಗು ಕಲಿತದ್ದನ್ನೆಲ್ಲ ಮರೆಯುತ್ತದೆ. ಮರುದಿನ ಎಲ್ಲವೂ ಮರಳಿ ಬರುತ್ತದೆ.

ಶಾಲೆಯ ಆಪ್ತಸಮಾಲೋಚಕಿ ಮಗಳನ್ನು ಕರೆಸಿ ಮನೆಯಲ್ಲಿ ಜಗಳವೇನಾದರೂ ಉಂಟೇ ಎಂದು ವಿಚಾರಿಸಿದರು. ಮಗಳು ಹೆದರಿ ರಕ್ತಪರೀಕ್ಷೆ ಮಾಡಿಸಿದಳು. ರಕ್ತದಲ್ಲಿ ಯಾವ ದೋಷವೂ ಕಾಣದಿದ್ದರೂ ಖರ್ಜೂರ, ರಾಗಿ ಮಾಲ್ಟ್, ನುಗ್ಗೆಸೊಪ್ಪು ಆರಂಭವಾದವು. ಮಗು ಮೂಗು ಮುಚ್ಚಿಕೊಂಡು ಕುಡಿಯಿತು. ನಾನು ಎಲ್ಲವನ್ನೂ ನೋಡುತ್ತ, ಧನ್ವಂತರಿಯನ್ನು ಸ್ಮರಿಸುತ್ತ ಕುಳಿತಿದ್ದೆ. ಏಕಾದಶಿಯ ದಿನ ನನಗೆ ನಿರಾಹಾರ, ಜೊತೆಗೆ ಮೌನ. ರಾತ್ರಿಯವರೆಗೆ ಗೋಡೆಗೆ ಮುಖಮಾಡಿ ಜಪಕ್ಕೆ ಕುಳಿತಿರುತ್ತೇನೆ. ಹದಿನೈದು ದಿನಕ್ಕೊಮ್ಮೆ ಎಂಬ ಮಾತು ನನ್ನ ಕಿವಿಗೆ ಬಿದ್ದರೂ ಅದಕ್ಕೂ ನನ್ನ ಜಪಮಣಿಗೂ ಸಂಬಂಧವಿರಬಹುದೆಂದು ಹೊಳೆಯಲಿಲ್ಲ. ಪಂಚಾಂಗವನ್ನು ದಿನವೂ ಓದುವವನಿಗೆ ಇಷ್ಟು ಹೊಳೆಯದೆ ಹೋದದ್ದು ಯಾವ ವಿಸ್ಮೃತಿಯೋ!

ಅಷ್ಟರಲ್ಲಿ ತಿರುವನಂತಪುರದಿಂದ ಕರೆ ಬಂತು. ಕಂಪನಿಯವರು ದೊಡ್ಡದೊಂದು ಪ್ರದರ್ಶನ ಏರ್ಪಡಿಸಿದ್ದರು. ಮಗುವೊಂದು ವೇದಿಕೆಯ ಮೇಲೆ ತನ್ನ ಕಣ್ಣಾಡಿಯನ್ನು ತೆರೆದು, ಯಂತ್ರದೊಡನೆ ತನ್ನ ವಿಷಯವಾಗಿ ತಾನೇ ವಾದಿಸಬೇಕು. ಅದಕ್ಕೆ ಅತ್ಯಂತ ಕುತೂಹಲಕರವಾದ ವಿದ್ಯಾರ್ಥಿನಿಯೆಂದು ನಮ್ಮವಳನ್ನು ಆರಿಸಿದ್ದರು. ಓಣಂ ರಜೆ ಕಳೆದ ಕೂಡಲೇ ಅವಳನ್ನು ಗಣಿತದಲ್ಲಿ ಮುಂದಿರುವವರ ಮೇಲಿನ ವಿಭಾಗಕ್ಕೆ ಸೇರಿಸುವುದಾಗಿಯೂ ಶಾಲೆ ತಿಳಿಸಿತು. ಮಗಳು ಅದೇ ದಿನ ಬ್ಯಾಂಕಿನಲ್ಲಿ ಲಡ್ಡು ಹಂಚಿದಳು.

ಆ ಸಂಜೆ ಮಗು ಟ್ಯಾಬನ್ನು ನನ್ನ ತೊಡೆಯ ಮೇಲೆ ಇಟ್ಟು, ಭಿನ್ನರಾಶಿಯ ಪೂರ್ಣಚಂದ್ರನನ್ನು ಬೆರಳಿನಿಂದ ತೋರಿಸಿತು.

"ಅಜ್ಜಾ, ಇದು ಞಾನಲ್ಲ."

"ನೀನಲ್ಲದೆ ಮತ್ತೆ ಯಾರು ಮಗು? ನಿನ್ನ ಹೆಸರೇ ಇದೆಯಲ್ಲ."

"ಇದ್ ಅಜ್ಜನಾ." ಇದು ಅಜ್ಜ, ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. "ಭಿನ್ನರಾಶಿ ನಿನಗೆ ಬರುತ್ತದಲ್ಲ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಶಬ್ದಗಳನ್ನು ಹುಡುಕಿ, ಒಂದೊಂದಾಗಿ ಇಟ್ಟಳು.

"ಬರುದಿಲ್ಲ. ಅಜ್ಜ ಕೆಮ್ಮುವಾಗ ಬರ್ತದೆ."

ಅವಳು ನನ್ನೊಡನೆ ಆಡಿದ ಮೊದಲ ಪೂರ್ಣವಾದ ಕನ್ನಡ ಮಾತು ಅದು. ನನ್ನ ಇಷ್ಟು ವರ್ಷಗಳ ಬೋಧನೆಯ ಮೇಲೆ ಇದಕ್ಕಿಂತ ಚಿಕ್ಕದಾದ ವ್ಯಾಖ್ಯಾನವನ್ನು ಯಾರೂ ಬರೆದಿಲ್ಲ.

ಆಮೇಲೆ ಅವಳ ಭಾಷೆಯಲ್ಲಿ ಎಲ್ಲವೂ ಹೊರಬಂತು. ಭಾಗಿಸಿದರೆ ಉತ್ತರ ಚಿಕ್ಕದಾಗಬೇಕಲ್ಲವೇ, ಭಿನ್ನರಾಶಿಯಲ್ಲಿ ಭಾಗಿಸಿದರೆ ದೊಡ್ಡದಾಗುವುದೇಕೆ ಎಂಬುದು ಅವಳಿಗೆ ಎಂದೂ ತಿಳಿದಿರಲಿಲ್ಲ. ಕೇಳೋಣವೆಂದರೆ ಯಂತ್ರ ಹಿಂದಿನ ಪಾಠಕ್ಕೆ ಬಿಡುವುದಿಲ್ಲ. ನಿನಗೆ ಬರುತ್ತದೆ, ನಂಬು, ಎಂದು ಹೂ ಸುರಿದು ಮುಂದಕ್ಕೆ ತಳ್ಳುತ್ತದೆ. ಈಗಾಗಲೇ ಮುಂದಿನ ಪಾಠಗಳು ಕಣ್ಣುಕಟ್ಟಿದಂತಾಗಿವೆ. ರಜೆಯ ನಂತರ ಮೇಲಿನ ವಿಭಾಗ, ಅಲ್ಲಿ ಲೆಕ್ಕವೆಲ್ಲ ತರಗತಿಯಲ್ಲಿಯೇ.

"ಅವಿಡೆ ಅಜ್ಜನ್ ಉಂಡಾವಿಲ್ಲಲ್ಲೋ," ಎಂದಳು. ಅಲ್ಲಿ ಅಜ್ಜ ಇರುವುದಿಲ್ಲವಲ್ಲ.

"ಅಮ್ಮನಿಗೆ ಹೇಳಿದೆಯಾ?"

"ಅಮ್ಮ ಲಡ್ಡು ಕೊಡುತ್ತು ಪೋಯಿ," ಎಂದು ಎರಡು ಭಾಷೆಗಳನ್ನು ಒಟ್ಟಿಗೆ ಕಲಸಿ, ಅಮ್ಮ ಲಡ್ಡು ಕೊಟ್ಟಾಯಿತು ಎಂಬುದನ್ನು ನಿವೇದಿಸಿದಳು.

ನನ್ನ ಹಳೆಯ ಶಿಷ್ಯನೊಬ್ಬ ನೆನಪಾದ. ಇಂದು ದೊಡ್ಡ ಸಭೆಗಳಲ್ಲಿ ಕೂರುವವನು. ಪಾಠ ಒಪ್ಪಿಸುವಾಗ ಮಾತ್ರ ಈಗಲೂ ನಡುನಡುವೆ ನಿಂತು ಮುಂದಿನ ಸಾಲಿನ ಹಿರಿಯರ ಮುಖ ನೋಡುತ್ತಾನೆ. ಅದನ್ನು ನಾನು ವಿನಯವೆಂದು ಬಗೆದು ಹತ್ತಾರು ಜನರ ಮುಂದೆ ಹೊಗಳಿದ್ದೆ.

ಮಗಳಿಗೆ ನಾನೇ ಹೇಳಿ ನೋಡಿದೆ. ಅವಳು ಚೀಲಕ್ಕೆ ಊಟದ ಡಬ್ಬಿ ತುರುಕುತ್ತ, "ಅಪ್ಪ, ನಿಮಗೆ ಗೊತ್ತಾಗುದಿಲ್ಲ. ಅದು ಮಷಿನ್. ಸುಮ್ಮನೆ ಯಾಕೆ ಹೇಳ್ತದೆ? ಕಾನ್ಫಿಡೆನ್ಸ್ ಇಲ್ಲದ್ದಕ್ಕೆ ಹಾಗೆ ಹೇಳುದು ಅಂತ ಟೀಚರೇ ಹೇಳಿದ್ದಾರೆ," ಎಂದು ದೋಣಿಕಟ್ಟೆಗೆ ಓಡಿದಳು. ನನಗೆ ಬರುವುದಿಲ್ಲ ಎಂದು ಮಗು ಹೇಳಿದಷ್ಟೂ ಅದಕ್ಕೆ ಬರುತ್ತದೆ ಎಂಬುದು ಸಿದ್ಧವಾಗುತ್ತಿತ್ತು. ಇಂತಹ ತರ್ಕವನ್ನು ನಾನು ಹಳೆಯ ಶಾಸ್ತ್ರಗಳಲ್ಲಿಯೂ ಕಂಡಿಲ್ಲ.

ಮರುದಿನ ನಾನು ಕಂಪನಿಗೆ ಫೋನ್ ಮಾಡಿದೆ. ಮರೆವಿನ ವಿಷಯವಾಗಿ ಮನೆಗೆ ಒಮ್ಮೆ ಕರೆ ಮಾಡಿದ್ದ ತಂತ್ರಜ್ಞೆಯ ಸಂಖ್ಯೆ ಮಗಳ ಬಳಿ ಇತ್ತು. ಆಕೆ ಧಾರವಾಡದವಳೆಂದೂ ಕನ್ನಡ ಮಾತಾಡಲು ಜನ ಸಿಕ್ಕಿದರೆ ಫೋನ್ ಇಡುವುದಿಲ್ಲವೆಂದೂ ಮಗಳು ಹೇಳಿದ್ದಳು.

"ನಮಸ್ಕಾರ್ರೀ ಅಜ್ಜಾರ. ನೀವs ಮಾಡಿದ್ದು ಚಲೋ ಆತು. ಒಂದು ಕೇಳೂದಿತ್ತು. ನಿಮ್ಮ ಮನ್ಯಾಗ ಹದಿನೈದ ದಿನಕ್ಕೊಮ್ಮಿ ಏನರ ನಡೀತದೇನ್ರಿ?"

"ಏಕಾದಶಿ ನಡೆಯುತ್ತದೆ. ಆ ದಿನ ನಾನು ಮೌನ," ಎಂದೆ. ಹೇಳುತ್ತಿರುವಾಗಲೇ ಹದಿನೈದು ದಿನದ ಗುಟ್ಟು ನನಗೆ ಹೊಳೆಯಿತು.

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. "ಅಯ್ಯ ನನ ಶಿವನ! ಒಂದೂ ತಪ್ಪಿಲ್ರೀ. ಎಲ್ಲಾ ಏಕಾದಶೀನs! ಅಂದ್ರ ಉಳಿದ ದಿನ ನೀವು ಹೇಳಿಕೊಡ್ತೀರೇನು?"

"ಹೇಳಿಕೊಡುವುದಿಲ್ಲ ತಾಯಿ. ಕೆಮ್ಮುತ್ತೇನೆ."

ಎಲ್ಲವನ್ನೂ ವಿವರಿಸಿದೆ. ಆಕೆ ಎಷ್ಟು ನಕ್ಕಳೆಂದರೆ ಪಕ್ಕದಲ್ಲಿದ್ದವರು ನೀರು ತಂದುಕೊಟ್ಟ ಸದ್ದು ನನಗೆ ಕೇಳಿಸಿತು. ಆಮೇಲೆ ದನಿ ತಗ್ಗಿಸಿದಳು. "ಆದ್ರ ಅಜ್ಜಾರ, ನಮ್ಮ ಸಾಹೇಬ್ರು ಇದರ ಮ್ಯಾಲೆ ಹದಿನೆಂಟು ಸ್ಲೈಡ್ ಮಾಡಿ ಇಟ್ಟಾರ್ರಿ. ಪಾಕ್ಷಿಕ ವಿಸ್ಮೃತಿ ಅಂತ ಹೆಸರೂ ಇಟ್ಟಾರ. ಈಗ ಹೋಗಿ ಏಕಾದಶಿ ಅಂದ್ರ ನನ್ನ ಕೆಲಸಕ್ಕs ದ್ವಾದಶಿ ಆಗ್ತದ."

"ನಿಮ್ಮ ಸಾಹೇಬರ ಸ್ಲೈಡು ಅವರಿಗಿರಲಿ. ಮಗುವನ್ನು ಭಿನ್ನರಾಶಿಯ ಮೊದಲ ಪಾಠಕ್ಕೆ ಮರಳಿಸಬೇಕು. ಅದು ನಿಮ್ಮ ಕೈಯಲ್ಲಿಲ್ಲವೇ?"

"ನಮ್ಮ ಕೈಯಾಗಿಲ್ರಿ, ಸಾಲಿಯವರು ಹೇಳಬೇಕು. ಅವರನ್ನ ಕೇಳಿದ್ರ ಮಷಿನ್ ಹೇಳಿದ್ದs ಖರೆ ಅಂತಾರ. ಮಷಿನ್ ಕೇಳೂದು ಒಬ್ಬರ ಮಾತು, ಆ ಹುಡುಗೀದು. ಕಣ್ಣಾಡ್ಯಾಗ ಒಂದು ಗುಂಡಿ ಐತ್ರಿ, ನಾನು ಒಪ್ಪೂದಿಲ್ಲ ಅಂತ. ಒತ್ತಿದ್ರ ಮೂರು ಲೆಕ್ಕ ಕೊಡ್ತದ. ತಪ್ಪಾದ್ರ ಚಂದ್ರ ಸಣ್ಣದಾಗ್ತದ, ಪಾಠ ಮೊದಲಿಂದ ಸುರು ಆಗ್ತದ. ಆದ್ರ ಇಲ್ಲೀತನಕ ನನ್ನ ಚಂದ್ರನ್ನ ಸಣ್ಣದ ಮಾಡು ಅಂತ ಯಾರೂ ಒತ್ತಿಲ್ರಿ. ಎಲ್ಲಾರೂ ದೊಡ್ಡದ ಮಾಡು ಅಂತನs ಒತ್ತ್ಯಾರ."

"ಹಾಗಾದರೆ ಇಂದೇ ಒತ್ತಿಸುತ್ತೇನೆ."

"ಆಗೂದಿಲ್ರಿ. ಪ್ರದರ್ಶನದ ತನಕ ಆಕಿ ಚಿತ್ರ ಅಳ್ಳಾಡಬಾರದು ಅಂತ ಸಾಹೇಬ್ರು ಬೀಗ ಹಾಕಿಸ್ಯಾರ. ಇನ್ನ ಅದು ತೆರೆಯೂದು ವೇದಿಕಿ ಮ್ಯಾಲೇನs. ಅಲ್ಲಿ ದಶಮಾಂಶದ ಚಂದ್ರನ್ನ ದೊಡ್ಡದ ಮಾಡಿಸ್ಕೋಬೇಕು ಅಂತ ಬರದು ಕೊಟ್ಟಾರ. ಆಕಿ ಬೆರಳು ಯಾವ ಚಂದ್ರನ ಮ್ಯಾಲೆ ಹೋಗ್ತದೋ, ಅದು ಆಕಿಗೆ ಬಿಟ್ಟದ್ದು. ನಾ ಏನೂ ಹೇಳಿಲ್ರಿ ಮತ್ತ."

ಮೊಮ್ಮಗಳಿಗೆ ಈ ಮಾತನ್ನು ತಿಳಿಸಿದೆ. ಅವಳು ಹೂಂ ಎಂದಳು. ಆಮೇಲೆ ಎಚ್ಚರಿಸಿದಳು: "ಅಜ್ಜನ್ ಚುಮಕ್ಕರುದ್." ಅಜ್ಜ ಕೆಮ್ಮಬಾರದು.

ಪ್ರದರ್ಶನದ ದಿನ ನಸುಕಿನ ರೈಲು ಹಿಡಿದು ನಾವು ಮೂವರೂ ತಿರುವನಂತಪುರದ ತಂಪಾನೂರಿನಲ್ಲಿ ಇಳಿದೆವು. ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಒಂದು ಗಂಟೆಗೆಂದು ಕೋಣೆ ಹಿಡಿದು, ಸ್ನಾನ ಮಾಡಿ, ಆಹ್ನಿಕ ಮುಗಿಸಿದೆ. ಮಗಳು ರೇಷ್ಮೆ ಸೀರೆಗೆ ಬದಲಾಯಿಸಿಕೊಂಡಳು. ಮಗು ಶಾಲೆಯ ಸಮವಸ್ತ್ರದಲ್ಲಿ ಕಿಟಕಿಯ ಬಳಿ ಕುಳಿತು, ತನಗೆ ಬರೆದುಕೊಟ್ಟಿದ್ದ ಸಂಭಾಷಣೆಯನ್ನು ಒಮ್ಮೆ ಓದಿ, ಮಡಿಸಿ, ಇನ್ನೊಮ್ಮೆ ಮಡಿಸಿ, ಜೇಬಿಗೆ ಹಾಕಿಕೊಂಡಿತು.

ಸಭಾಂಗಣದ ಒಳಗೆ ಹೇಮಂತ ಋತು. ಎಸಿಯ ಗಾಳಿ ನೇರವಾಗಿ ಮೂರನೆಯ ಸಾಲಿಗೆ, ಅಂದರೆ ನನ್ನ ಉತ್ತರೀಯದ ಮೇಲೆ ಬೀಸುತ್ತಿತ್ತು. ಬಾಯಲ್ಲಿ ಲವಂಗವಿಟ್ಟುಕೊಂಡು ಕುಳಿತೆ. ಕಂಪನಿಯ ಮುಖ್ಯಸ್ಥರು, ತಂತ್ರಜ್ಞೆ ಹೇಳಿದ ಆ ಸಾಹೇಬರು, ಮಗುವಿಗೆ ತನ್ನನ್ನು ತಾನು ಕಾಣುವ ಹಕ್ಕಿದೆಯೆಂದು ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ಮಗು ಪರದೆಯ ಹಿಂದೆ ನಿಂತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಪಾಕ್ಷಿಕ ವಿಸ್ಮೃತಿಯ ಹದಿನೆಂಟು ಸ್ಲೈಡುಗಳು ಬಂದವು. ಮುಖ್ಯ ಅತಿಥಿಗಳಾಗಿದ್ದ ಹಿರಿಯ ಅಧಿಕಾರಿಗಳು ಇದಕ್ಕೂ ಸಮುದ್ರದ ಉಬ್ಬರವಿಳಿತಕ್ಕೂ ಸಂಬಂಧವಿರಬಹುದೇ ಎಂದು ಕೇಳಿದರು. ಆ ದಿಕ್ಕಿನಲ್ಲಿ ಸಂಶೋಧನೆ ನಡೆದಿದೆ ಎಂದು ಸಾಹೇಬರು ಉತ್ತರಿಸಿದರು. ಗೋಡೆಯ ಬಳಿ ನಿಂತಿದ್ದ ಧಾರವಾಡದ ತಂತ್ರಜ್ಞೆ ತನ್ನ ಬೂಟಿನ ತುದಿಯನ್ನು ನೋಡಿಕೊಂಡಳು.

ಮಗುವನ್ನು ಕರೆದರು. ದೊಡ್ಡ ಪರದೆಯ ಮೇಲೆ ಅವಳ ಚಂದ್ರರೆಲ್ಲ ಮೂಡಿದರು. ಅವಳ ಬೆರಳಿನ ಗುರುತು ಅವುಗಳ ನಡುವೆ ಚುಕ್ಕಿಯಂತೆ ಓಡಾಡುತ್ತಿತ್ತು. ಚುಕ್ಕಿ ದಶಮಾಂಶದ ಬಳಿ ಹೋಗಿ, ದಾಟಿ, ಭಿನ್ನರಾಶಿಯ ಹುಣ್ಣಿಮೆಯ ಮೇಲೆ ನಿಂತು, ನಾನು ಒಪ್ಪುವುದಿಲ್ಲ ಎಂಬ ಗುಂಡಿಯನ್ನು ಒತ್ತಿತು.

ನಿನಗೆ ಇದು ಚೆನ್ನಾಗಿ ಬರುತ್ತದೆಂದು ನನ್ನ ನಂಬಿಕೆ, ಎಂದಿತು ಪರದೆ. ನನಗೆ ಅರ್ಥವಾಗಿಲ್ಲ ಎಂಬುದನ್ನು ಅವಳು ಆರಿಸಿದಳು. ನಿನ್ನನ್ನು ನೀನು ನಂಬು ಎಂದು ಹೂ ಸುರಿಯಿತು. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರ ನಗೆ ಮುಖದ ಮೇಲೆಯೇ ಹೆಪ್ಪುಗಟ್ಟಿತು.

ಮೊದಲನೆಯ ಲೆಕ್ಕ: ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎಷ್ಟು? ಚುಕ್ಕಿ ಎಂಟನೆಯ ಒಂದು ಭಾಗ ಎಂಬ ಉತ್ತರದ ಮೇಲೆ ಹೋಗಿ, ಅಭ್ಯಾಸಬಲದಿಂದ ಅಲ್ಲಿ ಕಾದು ನಿಂತಿತು. ನಲವತ್ತು ವರ್ಷ ಪಳಗಿದ ನನ್ನ ಗಂಟಲು ಮೇಲೆದ್ದಿತು. ಲವಂಗ ಕಚ್ಚಿದೆ. ಶ್ವಾಸ ಹಿಡಿದೆ. ಅಷ್ಟಾಕ್ಷರಿಯನ್ನು ಜಪಿಸಿದೆ. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಪಕ್ಕದಲ್ಲಿದ್ದ ಗೃಹಸ್ಥರೊಬ್ಬರು ಕರವಸ್ತ್ರ ಕೊಟ್ಟು, "ಮೋಳುಡೆ ಮೋಳಾಣೋ? ಸಂತೋಷಂ ಕೊಂಡಾ, ಅಲ್ಲೇ?" ಎಂದು ಬೆನ್ನು ಸವರಿದರು. ಮಗಳ ಮಗಳ ಸಾಧನೆ ಕಂಡು ನಾನು ಆನಂದಬಾಷ್ಪ ಸುರಿಸುತ್ತಿದ್ದೇನೆಂದು ಅವರ ಭಾವನೆ. ತಲೆಯಾಡಿಸಿದೆ.

ಚುಕ್ಕಿ ಒತ್ತಿತು. ತಪ್ಪು. ಹುಣ್ಣಿಮೆಯ ಅಂಚು ಕರಗಿತು.

ಎರಡನೆಯದೂ ತಪ್ಪಾಯಿತು. ಚಂದ್ರ ಅರ್ಧಕ್ಕೆ ಇಳಿದ. ನನ್ನ ಪಕ್ಕದಲ್ಲಿ ಮಗಳು, "ಎಂತ ಮಾಡ್ತಾ ಉಂಟು ಇದು, ದೇವರೇ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೂರನೆಯ ಲೆಕ್ಕಕ್ಕೆ ಚುಕ್ಕಿ ಮತ್ತೆ ತಪ್ಪಿನ ಮೇಲೆ ನಿಂತಿತು. ನನ್ನ ಕೈಮೀರಿತು. ಲವಂಗ ಎಲ್ಲಿಗೆ ಹಾರಿತೋ ತಿಳಿಯದು. ಶುಂಠಿ, ಎಸಿ, ನಾಲ್ಕು ದಶಕದ ಪಾಠ, ಎಲ್ಲವೂ ಸೇರಿದ ಒಂದು ಕೆಮ್ಮು ಸಭಾಂಗಣವನ್ನು ತುಂಬಿತು. ಆ ಕ್ಷಣವೇ, ಎಲ್ಲರೂ ನೋಡುತ್ತಿರುವಂತೆ, ಚುಕ್ಕಿ ಪಕ್ಕಕ್ಕೆ ಹಾರಿ ಸರಿಯಾದ ಉತ್ತರದ ಮೇಲೆ ಕುಳಿತಿತು.

"ಅಜ್ಜಾ!" ಎಂದು ಧ್ವನಿವರ್ಧಕದಲ್ಲಿ ಗದರಿಕೆ ಬಂತು. "ಞಾನ್ ಪರಞ್ಞದಲ್ಲೇ?" ನಾನು ಹೇಳಿರಲಿಲ್ಲವೇ?

ಅವಳು ಬೆರಳನ್ನು ಸರಿಯುತ್ತರದ ಮೇಲಿಂದ ಎತ್ತಿದಳು. ಹಿಂದೆ ತಂದಳು. ತಾನು ಮೊದಲು ನಿಂತಿದ್ದ ತಪ್ಪಿನ ಮೇಲೆ ಇಟ್ಟು ಒತ್ತಿದಳು. ಚಂದ್ರ ತದಿಗೆಯ ಗೆರೆಯಾಗಿ ಉಳಿದ. ಭಿನ್ನರಾಶಿ, ಮೊದಲ ಪಾಠ, ಆರಂಭಿಸೋಣವೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿ ಅವಳು ನಕ್ಕಳು. ಆ ತಿಂಗಳುಗಳಲ್ಲಿ ಆ ಯಂತ್ರದ ಮುಂದೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಯಂತ್ರ ಮೊದಲು ಹಾಗೇಕೆ ನಂಬಿತ್ತೆಂದು ಮುಖ್ಯ ಅತಿಥಿಗಳು ಕೇಳಿದರು. ನಾನು ಎದ್ದು ನಿಂತು, ಬಲ್ಲಷ್ಟು ಮಲಯಾಳದಲ್ಲಿ, ಪಾಠಶಾಲೆಯ ಕ್ರಮವನ್ನೂ ಗಂಟಲಿನ ಕಾರ್ಯವನ್ನೂ ಏಕಾದಶಿಯ ಮೌನವನ್ನೂ ನಿವೇದಿಸಿಕೊಂಡೆ. ತಪ್ಪು ಮಗುವಿನದಲ್ಲ, ಯಂತ್ರದ್ದೂ ಅಲ್ಲ, ನನ್ನದು ಎಂದು ಕೈಮುಗಿದೆ. ಮೊದಲು ನಕ್ಕವರು ಅಧಿಕಾರಿಗಳು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಸಾಹೇಬರು ಒಂದು ನಿಮಿಷ ಹದಿನೆಂಟು ಸ್ಲೈಡುಗಳ ಸೂತಕದಲ್ಲಿದ್ದರು. ಅಷ್ಟರಲ್ಲಿ ಶುದ್ಧಿಯಾಗಿ ಮೈಕು ಹಿಡಿದು, ಹಿರಿಯರ ಸಹಭಾಗಿತ್ವವೆಂಬ ಹೊಸ ಕ್ಷೇತ್ರವನ್ನೇ ತಮ್ಮ ಕಂಪನಿ ಇಂದು ಲೋಕಕ್ಕೆ ತೆರೆದಿದೆ ಎಂದು ಸಾರಿದರು. ಅದಕ್ಕೂ ಚಪ್ಪಾಳೆ ಬಿತ್ತು.

ಹಿಂದಿರುಗುವ ರೈಲಿನಲ್ಲಿ ಮಗಳು ಫೋನಿನ ಗುಂಪನ್ನು ತೆರೆದು, ಮುಚ್ಚಿ, ಮತ್ತೆ ತೆರೆದಳು. "ಲಡ್ಡು ಹಂಚಿ ಆಗಿದೆ ಅಪ್ಪ. ಇನ್ನು ಬ್ಯಾಂಕಿನವರ ಹತ್ರ ಎಂತ ಹೇಳುದು?" ಎಂದಳು ಕೊನೆಗೆ. ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಪಳಂಪೊರಿ ಮಾರುವವನು ಬಂದ. ಮಗಳು ಒಂದನ್ನು ಕೊಂಡು, ಮುರಿದು, ಮಗುವಿಗೆ ಅರ್ಧ ಕೊಟ್ಟಳು. "ಒಟ್ಟಿಗೆ ತುರುಕಬೇಡ, ಬಿಸಿ ಉಂಟು. ಇಡೀದರ ಕಾಲು ಭಾಗದಷ್ಟು ಮುರಿದು ಮುರಿದು ತಿನ್ನು."

ಮಗು ಕಾಲು ಭಾಗ ಮುರಿದು ತಿಂದಿತು. ಇನ್ನೊಂದು ಕಾಲನ್ನು ಬಾಯಿಯವರೆಗೆ ಒಯ್ದು ನಿಲ್ಲಿಸಿತು. ಕೈಯಲ್ಲಿದ್ದ ತುಂಡನ್ನು ನೋಡಿತು. ನನ್ನ ಮುಖ ನೋಡಲಿಲ್ಲ. ನಾನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದೆ.

"ಅರೆಯಿಲ್ ಕಾಲ್ ಎತ್ರ ಪ್ರಾವಶ್ಯಂ... ರಂಡ್!" ಎಂದು ಕೂಗಿತು. ಅರ್ಧದಲ್ಲಿ ಕಾಲು ಎಷ್ಟು ಸಲ ಅಡಗಿದೆ, ಎರಡು ಸಲ. "ಅದಕ್ಕೇ ದೊಡ್ಡದಾಗುದು ಅಮ್ಮಾ! ಅದಕ್ಕೇ!"

ಮಗಳು ಅವಳ ತುಟಿಯ ಎಣ್ಣೆಯನ್ನು ಸೆರಗಿನಿಂದ ಒರೆಸಿ, ತನ್ನ ಕೈಯಲ್ಲಿದ್ದ ಅರ್ಧವನ್ನೂ ಕೊಟ್ಟಳು. ಮೇಲಿನ ವಿಭಾಗದ ಮಾತು ಆ ರೈಲಿನಲ್ಲಿಯೇ ಇಳಿದುಹೋಯಿತು.

ಓಣಂ ಕಳೆದ ಮೇಲೆ ಧಾರವಾಡದ ತಂತ್ರಜ್ಞೆ ಫೋನ್ ಮಾಡಿದಳು. "ಅಜ್ಜಾರ, ನಿಮ್ಮ ಕೆಮ್ಮು ಈಗ ನಮ್ಮ ಪ್ರಾಡಕ್ಟಿನ್ಯಾಗ ಐತ್ರಿ. ತಪ್ಪಿನ ಕಡೆ ಬೆರಳು ಹೋದ್ರ ಸಣ್ಣಗ ಕೆಮ್ಮತದ. ಹಲ್ಲಿನ ಡಾಕ್ಟ್ರು ಭಾಳ ಮೆಚ್ಚ್ಯಾರಂತ."

ಮೊಮ್ಮಗಳು ಅದನ್ನು ಒಮ್ಮೆ ಕೇಳಿ, ಅಜ್ಜನ ಕೆಮ್ಮಿನಷ್ಟು ಚೆನ್ನಾಗಿಲ್ಲ ಎಂದು ಹೇಳಿ, ನಿಲ್ಲಿಸಿಬಿಟ್ಟಳು. ಅವಳ ಭಿನ್ನರಾಶಿ ಈಗ ಪಂಚಮಿಯ ಆಸುಪಾಸಿನಲ್ಲಿದೆ. ಒಂದು ದಿನ ಬೆಳೆಯುತ್ತದೆ, ಒಂದು ದಿನ ಕುಗ್ಗುತ್ತದೆ, ಹದಿನೈದು ದಿನದ ನಿಯಮವೇನೂ ಇಲ್ಲ. ಅವಳು ಲೆಕ್ಕಕ್ಕೆ ಕೂರುವ ಹೊತ್ತಿಗೆ ನಾನು ಜಪಮಣಿ ಹಿಡಿದು ಗೋಡೆಗೆ ಮುಖಮಾಡಿ ಕೂರುತ್ತೇನೆ. ಮಾಸಕ್ಕೆ ಎರಡು ಏಕಾದಶಿಯೆಂದು ಪಂಚಾಂಗ ಹೇಳುತ್ತದೆ. ನನಗೆ ಈಗ ದಿನವೂ ಐದರಿಂದ ಆರರವರೆಗೆ ಏಕಾದಶಿ.